ಎಲಿವೇಷನ್ ಚೆನ್ನಾಗಿದೆ, ಪಕ್ಕದ ಕುರ್ಚಿಯವರ ಹೆಸರೇನು?

ಭಾನುವಾರ ಆರಾಧನೆ ಆದ್ಮೇಲೆ ನಡೆದ ಮೀಟಿಂಗ್‌ನ ಸಿಟ್ಟು ಇನ್ನೂ ಇಳಿದಿಲ್ಲ. ಮನೇಲಿ ಹೇಳಿ ಹೇಳಿ ಸಾಕಾಯ್ತು, ಅದಕ್ಕೆ ಇಲ್ಲಿ ಬರೀತಿದೀನಿ. ನಮ್ಮ ಸಭೆಯವರು, ಅಂದ್ರೆ ನಮ್ಮ ಚರ್ಚಿನವರು, ತುಂಬಾ ಜನ ನನ್ನ ಫ್ರೆಂಡ್ ಲಿಸ್ಟಲ್ಲಿದ್ದೀರಿ, ಓದಿ ಬೇಜಾರಾದ್ರೆ ಮನೆಗೆ ಬನ್ನಿ, ಎದುರುಬದುರು ಕೂತು ಮಾತಾಡೋಣ.

ನಮ್ಮದು ಹೊಸ ಸಭೆ ಅಂತ ಹೆಚ್ಚಿನವರಿಗೆ ಗೊತ್ತು. ಬೆಂಗಳೂರಿನ ಅಂಚಿನ ಲೇಔಟ್‌ಗಳಲ್ಲಿ ಮನೆ ಮಾಡ್ಕೊಂಡಿರೋ ಕನ್ನಡ ಕ್ರೈಸ್ತರು, ಹಡ್ಸನ್ ಚರ್ಚಿಗೋ ಇನ್ನೊಂದು ಹಳೇ ದೇವಾಲಯಕ್ಕೋ ಪ್ರತಿವಾರ ಟ್ರಾಫಿಕ್ಕಲ್ಲಿ ಹೋಗಿಬರೋಕಾಗದೆ ಒಂದು ಸ್ಕೂಲ್ ಹಾಲ್ ಬಾಡಿಗೆಗೆ ಹಿಡಿದು ಶುರು ಮಾಡಿದ್ದು. ಮಂಗಳೂರು ಕಡೆಯವರಿದ್ದಾರೆ, ನಮ್ಮ ಹುಬ್ಬಳ್ಳಿ ಧಾರವಾಡ ಗದಗದವರಿದ್ದಾರೆ, ಬೀದರಿನ ಮೆಥೊಡಿಸ್ಟ್ ಕುಟುಂಬಗಳು, ಮೈಸೂರು ಕೊಳ್ಳೇಗಾಲದ ಕಡೆಯವರು, ಎಲ್ಲಾ ಇದ್ದಾರೆ. ಕರಿಹಲಗೆ ಮೇಲೆ ಶನಿವಾರದ ಲೆಕ್ಕ ಹಾಗೇ ಇರುತ್ತೆ, ಅದರ ಮುಂದೆ ಬಿಳೀ ಬಟ್ಟೆ ಹಾಸಿದ ಟೇಬಲ್ಲು, ಅದರ ಮೇಲೆ ಶಿಲುಬೆ. ಆ ಹಾಲ್‌ನಲ್ಲಿ ದೇವರ ಸಾನ್ನಿಧ್ಯ ಇಲ್ಲ ಅಂತ ನನಗೆ ಒಂದು ದಿನಾನೂ ಅನ್ನಿಸಿಲ್ಲ.

ಭಾನುವಾರ ಏನಾಯ್ತು ಅಂದ್ರೆ, ಮೀಟಿಂಗ್ ಅಂತ ಕೂರಿಸಿ ಪ್ರೊಜೆಕ್ಟರ್‌ನಲ್ಲಿ ಹೊಸ ಚರ್ಚ್ ಕಟ್ಟಡದ ಎಲಿವೇಷನ್ (ಮುಂಭಾಗದ ನಕ್ಷೆ) ತೋರಿಸಿದ್ರು. ಮುಂದಿನ ಗೋಪುರ ಎಷ್ಟು ಅಡಿ, ಗಾಜು ಬಣ್ಣದ್ದಾ ಸಾದಾ ಗಾಜಾ, ಪಾರ್ಕಿಂಗ್ ಬೇಸ್‌ಮೆಂಟಲ್ಲಾ ಪಕ್ಕದಲ್ಲಾ, ಬಾಲ್ಕನಿ ಬೇಕಾ ಬೇಡ್ವಾ. ಒಂದೂವರೆ ಗಂಟೆ ಇದೇ ಮಾತು. ಒಂದೊಂದು ಕುಟುಂಬ ಎಷ್ಟು ಕೊಡ್ಬೇಕು ಅನ್ನೋ ಪಟ್ಟಿನೂ ರೆಡಿ ಇತ್ತು. ನಾನು ಕೊನೇ ಸಾಲಲ್ಲಿ ಕೂತಿದ್ದೆ, ಪಕ್ಕದಲ್ಲಿ ರೋಣದ ಕಡೆಯ ಒಬ್ಬ ಹೆಣ್ಣುಮಗಳು. ಗಂಡ ಇಲ್ಲ, ಯಾವುದೋ ಅಪಾರ್ಟ್‌ಮೆಂಟಲ್ಲಿ ಹೌಸ್‌ಕೀಪಿಂಗ್ ಕೆಲಸ, ಕಟ್ಟಡದ ಹಿಂದಿನ ಶೀಟಿನ ಮನೇಲಿ ಮಗನ ಜೊತೆ ಇರೋದು. ಸ್ವಲ್ಪ ದಿನ ಕಂಡಿರಲಿಲ್ವಲ್ಲ ಅಂತ ಮೆಲ್ಲಗೆ ಕೇಳಿದೆ. ಮಗನಿಗೆ ಡೆಂಗಿ ಆಗಿ ಆಸ್ಪತ್ರೇಲಿ ಇಟ್ಕೊಂಡಿದ್ರಂತೆ, ರಾತ್ರಿ ಹಗಲು ಒಬ್ಬಳೇ ಕೂತಿದ್ದಾಳೆ, ಪ್ಲೇಟ್‌ಲೆಟ್ ಇಳಿದಾಗ ರಕ್ತಕ್ಕೆ ಯಾರನ್ನ ಕೇಳ್ಬೇಕು ಅಂತಾನೂ ಗೊತ್ತಾಗಿಲ್ಲ. "ಯಾಕೆ ಯಾರಿಗೂ ಹೇಳಲಿಲ್ಲ?" ಅಂದೆ.

"ಯಾರಿಗೆ ಹೇಳ್ಬೇಕ್ರಿ ಅಕ್ಕಾರ? ನನ್ನ ಹೆಸರು ಗೊತ್ತಿರೋರು ಯಾರದಾರ ಇಲ್ಲಿ?"

ಕರ್ಚೀಫಿನ ಮೂಲೇಲಿ ಕಾಣಿಕೆ ದುಡ್ಡು ಗಂಟು ಹಾಕ್ಕೊಂಡು ಬಂದಿದ್ಲು, ಹತ್ತರ ನೋಟು, ನಾಲ್ಕು ಮಡಿಕೆ ಮಾಡಿದ್ದು. ಅದನ್ನ ಹಾಕಿ ಆಗಿತ್ತು, ಖಾಲಿ ಗಂಟನ್ನ ಬಿಚ್ಚೋದು ಕಟ್ಟೋದು ಮಾಡ್ತಾ ಇದ್ಲು. ಮುಂದೆ ಗೋಪುರದ ಚರ್ಚೆ ನಡೀತಾನೇ ಇತ್ತು. ನನಗೆ ಎದ್ದು ನಿಂತು ಕೂಗಬೇಕು ಅನ್ನಿಸ್ತು. ಎದ್ದು ಮಾತಾಡಿದೆ ಕೂಡ. "ಸಿಸ್ಟರ್, ಅದು ಬೇರೆ ವಿಷಯ, ಅಜೆಂಡಾದಲ್ಲಿ ಇಲ್ಲ" ಅಂದ್ರು.

ಅಜೆಂಡಾದಲ್ಲಿ ಇಲ್ಲ! ಒಂದು ಹೊಸ ಸಭೆಯ ಅಜೆಂಡಾದಲ್ಲಿ ಇದಕ್ಕಿಂತ ಮುಂಚೆ ಬರೋ ವಿಷಯ ಯಾವುದಿದೆ ಹೇಳಿ? ಸತ್ಯವೇದದಲ್ಲಿ, ಅಂದ್ರೆ ಬೈಬಲಿನಲ್ಲಿ, ಅಪೊಸ್ತಲರ ಕೃತ್ಯಗಳು ಆರನೇ ಅಧ್ಯಾಯ ತೆಗೆದು ನೋಡಿ. ಯೆರೂಸಲೇಮಿನಲ್ಲಿ ಸಭೆ ಇನ್ನೂ ಎಳೇದು, ಆಗಲೇ ಗುಣುಗುಟ್ಟೋದು ಶುರುವಾಗಿತ್ತು, ಗ್ರೀಕ್ ಮಾತಾಡೋರ ಕಡೆಯ ವಿಧವೆಯರಿಗೆ ದಿನದ ಊಟ ಸರಿಯಾಗಿ ಸಿಗ್ತಿಲ್ಲ ಅಂತ. ಅಪೊಸ್ತಲರು, ಅಂದ್ರೆ ಯೇಸುಸ್ವಾಮಿಯ ಮುಖ್ಯ ಶಿಷ್ಯರು, ಅದನ್ನ ಅಜೆಂಡಾದಿಂದ ಆಚೆ ಹಾಕಲಿಲ್ಲ. ಇಡೀ ಸಭೆ ಕರೆದರು, ಏಳು ಜನರನ್ನ ಆರಿಸಿ ಅಂದರು. ಸ್ತೆಫನ, ಫಿಲಿಪ್ಪ ಅಂತ ಆ ಏಳೂ ಹೆಸರು ಓದಿಕೊಂಡು ಹೋಗಿ, ಎಲ್ಲಾ ಗ್ರೀಕ್ ಹೆಸರುಗಳೇ. ಅಂದ್ರೆ ಯಾರ ಕಡೆಯವರಿಗೆ ಅನ್ಯಾಯ ಆಗಿದೆ ಅಂತ ದೂರು ಬಂತೋ ಅವರ ಕೈಗೇ ಬಡಿಸೋ ಕೆಲಸ ಕೊಟ್ಟ ಹಾಗಿದೆ. ನಮ್ಮ ಕಮಿಟೀಲಿ ಹೌಸ್‌ಕೀಪಿಂಗ್ ಕೆಲಸದವರು, ಡ್ರೈವರ್‌ಗಳು, ನರ್ಸ್‌ಗಳು ಎಷ್ಟು ಜನ ಇದ್ದಾರೆ? ಒಬ್ಬರೂ ಇಲ್ಲ. ಕುರ್ಚಿ ಜೋಡಿಸೋಕೆ ಮಾತ್ರ ಅವರು ಬೇಕು.

ಕಟ್ಟಡ ಬೇಡ್ವಾ ಹಾಗಾದ್ರೆ ಅಂತ ಕೇಳ್ತೀರಿ. ಮೀಟಿಂಗ್‌ನಲ್ಲೂ ಕೇಳಿದ್ರು. ಬಾಡಿಗೆ ಹಾಲು, ಯಾವತ್ತು ಬೇಕಾದ್ರೂ ಖಾಲಿ ಮಾಡಿ ಅಂತಾರೆ, ಮಕ್ಕಳಿಗೆ ಸಂಡೇ ಸ್ಕೂಲ್‌ಗೆ ಜಾಗ ಇಲ್ಲ, ಮದುವೆ ಮಾಡೋಕೆ ಇನ್ನೊಬ್ಬರ ದೇವಾಲಯ ಕೇಳ್ಬೇಕು, ಇದೆಲ್ಲಾ ನಿಜ. ಆದ್ರೆ ಇದನ್ನ ಕೇಳೋರೆಲ್ಲ ಕಟ್ಟಡ ಆದ್ಮೇಲೆ ಜನ ತಾನಾಗೇ ಒಂದಾಗ್ತಾರೆ ಅಂತ ನಂಬಿಕೊಂಡಿದ್ದಾರೆ. ಯಾವ ಊರಲ್ಲಿ ಹಾಗಾಗಿದೆ? ಕೋಟಿಗಟ್ಟಲೆ ಸುರಿದು ಕಟ್ಟಿ, ಉದ್ಘಾಟನೆ ಮಾರನೇ ವರ್ಷಕ್ಕೇ ಲೆಕ್ಕದ ಜಗಳ ಆಗಿ ಕೋರ್ಟು ಮೆಟ್ಟಿಲು ಹತ್ತಿದ ಸಭೆಗಳನ್ನ ನೀವೂ ನೋಡಿದ್ದೀರಿ, ನಾನೂ ನೋಡಿದ್ದೀನಿ. ಒಬ್ಬರಿಗೊಬ್ಬರು ಗೊತ್ತಿಲ್ಲದ ಜನ ಸೇರಿ ದುಡ್ಡಿನ ಕೆಲಸಕ್ಕೆ ಕೈ ಹಾಕಿದ್ರೆ ಜಗಳ ಬಿಟ್ಟು ಇನ್ನೇನಾಗುತ್ತೆ?

ಮೊದಲನೇ ಶತಮಾನದ ಸಭೆಗಳು ಕೂಡ್ತಿದ್ದಿದ್ದು ಮನೆಗಳಲ್ಲಿ. ಫಿಲಿಪ್ಪಿ ಪಟ್ಟಣದಲ್ಲಿ ಲುದ್ಯಳ ಮನೆ, ಪ್ರಿಸ್ಕ ಮತ್ತು ಅಕ್ವಿಲರ ಮನೆ. ಸಿರಿಯಾದಲ್ಲಿ ಯೂಫ್ರೆಟಿಸ್ ದಂಡೆಯ ದೂರಾ ಯೂರೋಪಸ್ ಅನ್ನೋ ಊರಲ್ಲಿ ಅಗೆದಾಗ ಅಂಥದ್ದೊಂದು ಮನೆ ಸಿಕ್ಕಿದೆ, ಕ್ರಿ.ಶ. 240ರ ಆಸುಪಾಸಿನದ್ದು. ಹೊರಗಿಂದ ನೋಡಿದ್ರೆ ಬೀದಿಯ ಬೇರೆ ಮನೆಗಳ ಹಾಗೇ. ಒಳಗೆ ಎರಡು ರೂಮಿನ ನಡುವಿನ ಗೋಡೆ ಒಡೆದು ಒಂದು ಹಾಲ್ ಮಾಡ್ಕೊಂಡಿದ್ರು, ಇನ್ನೊಂದು ಚಿಕ್ಕ ರೂಮಲ್ಲಿ ದೀಕ್ಷಾಸ್ನಾನದ (ಬ್ಯಾಪ್ಟಿಸಂ) ತೊಟ್ಟಿ, ಗೋಡೆ ಮೇಲೆ ಒಳ್ಳೆಯ ಕುರುಬನ ಚಿತ್ರ. ಯೇಸುಸ್ವಾಮಿ ಕಾಲ ಕಳೆದು ಇನ್ನೂರು ವರ್ಷ ಆದ್ಮೇಲೂ ಇಷ್ಟೇ. ಅವರು ಮೊದಲು ಸೇರಿದರು, ಸೇರಿದ ಜನಕ್ಕೆ ಜಾಗ ಸಾಲದೇ ಹೋದಾಗ ಗೋಡೆಗೆ ಕೈ ಹಾಕಿದರು.

ಕ್ರಿ.ಶ. 150ರ ನಂತರ ರೋಮ್‌ನಲ್ಲಿದ್ದ ಹುತಾತ್ಮ ಜಸ್ಟಿನ್ ಅನ್ನೋ ಕ್ರೈಸ್ತ ಬೋಧಕ, ಭಾನುವಾರ ನಾವು ಏನು ಮಾಡ್ತೀವಿ ಅಂತ ಚಕ್ರವರ್ತಿಗೆ ಬರೆದು ತಿಳಿಸಿದ್ದಾನೆ. ಪಟ್ಟಣದವರು ಹಳ್ಳಿಯವರು ಒಂದು ಕಡೆ ಕೂಡ್ತೀವಿ, ವಾಚನ, ಬೋಧನೆ, ಎದ್ದು ನಿಂತು ಪ್ರಾರ್ಥನೆ, ಆಮೇಲೆ ರೊಟ್ಟಿ ದ್ರಾಕ್ಷಾರಸ. ಬರೋಕಾಗದವರಿಗೆ ಸೇವಕರ ಕೈಲಿ ಅವರ ಪಾಲು ಮನೆಗೆ ಹೋಗುತ್ತೆ. ಇದ್ದವರು ಮನಸ್ಸಿಗೆ ಬಂದಷ್ಟು ಕೊಡ್ತಾರೆ, ಆ ದುಡ್ಡು ಹೋಗೋದು ಅನಾಥರಿಗೆ, ವಿಧವೆಯರಿಗೆ, ಕಾಯಿಲೆಯವರಿಗೆ, ಸೆರೆಯಲ್ಲಿರೋರಿಗೆ, ಊರು ಬಿಟ್ಟು ಬಂದ ಪರದೇಶಿಗಳಿಗೆ. ನಮ್ಮ ಕಾಣಿಕೆ ಎಲ್ಲಿಗೆ ಹೋಗ್ತಿದೆ? ಹಾಲ್ ಬಾಡಿಗೆ, ಸೌಂಡ್ ಸಿಸ್ಟಮ್ಮು, ಮಿಕ್ಕಿದ್ದು ಬಿಲ್ಡಿಂಗ್ ಫಂಡು. ಕಾಯಿಲೆಯವರ ಸಾಲು ನಮ್ಮ ಲೆಕ್ಕದ ಪುಸ್ತಕದಲ್ಲೇ ಇಲ್ಲ.

ನಾನು ಬೆಟಗೇರಿಯವಳು, ಬಾಸೆಲ್ ಮಿಷನ್ ಸಭೇಲಿ ಬೆಳೆದವಳು, ಇದು ನಿಮಗೆ ಹೊಸ ವಿಷಯ ಅಲ್ಲ. ನಮ್ಮ ಕಡೆ ಸಭೆ ಹೇಗೆ ಹುಟ್ಟಿತು ಅಂತ ಹಿರಿಯರ ಬಾಯಲ್ಲಿ ಕೇಳಿದ್ದೀನಿ. 1834ರಲ್ಲಿ ಬಾಸೆಲ್ ಮಿಷನ್ನಿನ ಮಿಷನರಿಗಳಾದ ಹೆಬಿಕ್, ಲೇನರ್, ಗ್ರೈನರ್ ಮಂಗಳೂರಿಗೆ ಬಂದರು, ಮುಂದೆ ಧಾರವಾಡ, ಹುಬ್ಬಳ್ಳಿ, ಬೆಟಗೇರಿವರೆಗೂ ಕೆಲಸ ಬೆಳೀತು. ಆವಾಗ ದೀಕ್ಷಾಸ್ನಾನ ತಗೊಂಡವರಿಗೆ ಎಷ್ಟೋ ಸಲ ಮನೆ ಹೋಯ್ತು, ಜಾತಿ ಕಸುಬು ಹೋಯ್ತು, ಬಾವಿ ನೀರೂ ಹೋಯ್ತು. ಬರೀ ಭಾನುವಾರದ ಪ್ರಸಂಗ ಕೊಟ್ಟು ಕಳಿಸಿದ್ರೆ ಅವರು ಸಂಜೆಗೆ ಎಲ್ಲಿಗೆ ಹೋಗ್ಬೇಕಿತ್ತು? ಅದಕ್ಕೇ ಮಗ್ಗ ಬಂತು, ಪ್ರೆಸ್ ಬಂತು, 1865ರಲ್ಲಿ ಪ್ಲೆಬ್‌ಸ್ಟ್ ಅನ್ನೋ ಮಿಷನರಿ ಮಂಗಳೂರಲ್ಲಿ ಹಂಚಿನ ಕಾರ್ಖಾನೆ ಹಾಕಿದ. ಆ ಮಿಷನರಿಗಳಲ್ಲಿ ದೊಡ್ಡಸ್ತಿಕೆನೂ ಇತ್ತು, ಶಿಸ್ತಿನ ಹೆಸರಲ್ಲಿ ಬಿಗಿನೂ ಇತ್ತು, ಅದನ್ನ ಮುಚ್ಚಿಡಲ್ಲ. ಆದ್ರೆ ಸಭೆಗೆ ಬಂದವನ ಹೊಟ್ಟೆ, ಅವನ ಮಕ್ಕಳ ಅಕ್ಷರ, ಅವನ ಸಾವು, ಎಲ್ಲಾ ಸಭೆಯ ಜವಾಬ್ದಾರಿ ಅಂತ ಅವರಿಗೆ ಗೊತ್ತಿತ್ತು. 1914ರಲ್ಲಿ ಯುದ್ಧ ಶುರುವಾಗಿ ಜರ್ಮನ್ ಮಿಷನರಿಗಳನ್ನ ಬ್ರಿಟಿಷರು ಬಂಧಿಸಿಟ್ಟು ಆಮೇಲೆ ದೇಶದಿಂದಲೇ ಕಳಿಸಿದಾಗ, ಕಾರ್ಖಾನೆಗಳೂ ಕೈ ಬಿಟ್ಟು ಹೋದಾಗ, ಸಭೆಗಳು ಮುಚ್ಚಲಿಲ್ಲ. ಊರವರೇ ಹಾಡಿದರು, ಊರವರೇ ಹೂಳಿದರು, ಊರವರೇ ಮಕ್ಕಳಿಗೆ ಕಲಿಸಿದರು.

ಸಾವಿನ ವಿಷಯ ಬಂತು, ಹೇಳಿಬಿಡ್ತೀನಿ. ಬೆಟಗೇರೀಲಿ ನಮ್ಮಪ್ಪ ತೀರಿಕೊಂಡಾಗ ಚರ್ಚ್ ಗಂಟೆ ನಿಧಾನಕ್ಕೆ ಹೊಡೆದಿದ್ದು ಕೇಳಿ ಅಡುಗೆ ಒಲೆ ಆರಿಸಿ ಓಡಿಬಂದ ಹೆಂಗಸರಿದ್ರು. ಪೆಟ್ಟಿಗೆಗೆ ಯಾರು ಹೇಳ್ಬೇಕು, ಕುಣಿ ಯಾರು ತೆಗೀಬೇಕು, ದೂರದಿಂದ ಬರೋರಿಗೆ ಊಟ ಯಾರ ಮನೇಲಿ, ಯಾವುದನ್ನೂ ಅವ್ವ ಹೇಳ್ಬೇಕಾಗಿ ಬರಲಿಲ್ಲ. ಅವ್ವನ ಪಕ್ಕ ರಾತ್ರಿಯಿಡೀ ಕೂತು ಹಾಡಿದವರಲ್ಲಿ ಒಬ್ಬಾಕೆ, ಅವ್ವನ ಜೊತೆ ವರ್ಷಗಟ್ಟಲೆ ಮಾತು ಬಿಟ್ಟಿದ್ದ ನೆರೆಮನೆಯಾಕೆ. ಇಲ್ಲಿ ನಮ್ಮ ಸಭೇಲಿ ನಾಳೆ ಯಾರಾದ್ರೂ ತೀರಿಕೊಂಡ್ರೆ ಏನು ಮಾಡ್ತೀವಿ? ಗ್ರೂಪಲ್ಲಿ ಕೈ ಮುಗಿಯೋ ಇಮೋಜಿ ಹಾಕ್ತೀವಿ. ನಮ್ಮ ಜನಕ್ಕೆ ಸ್ಮಶಾನದ ಜಾಗ ಎಲ್ಲಿದೆ, ಯಾರನ್ನ ಕೇಳ್ಬೇಕು ಅಂತ ಕಮಿಟೀಲಿ ಯಾರಾದ್ರೂ ವಿಚಾರಿಸಿದ್ದೀರಾ? ಗೋಪುರದ ಎತ್ತರ ಗೊತ್ತು, ಇದು ಗೊತ್ತಿಲ್ಲ.

ಬೆಂಗಳೂರಿಗೆ ಬಂದ ಹೊಸದರಲ್ಲಿ ನಾನು ಒಂದು ದೊಡ್ಡ ಸಭೇಲಿ ತಿಂಗಳುಗಟ್ಟಲೆ ಆರಾಧನೆಗೆ ಹೋಗಿ ಬಂದಿದ್ದೀನಿ, ಯಾರೊಬ್ಬರೂ ನನ್ನ ಕಡೆ ತಿರುಗಿ "ಯಾವ ಊರಮ್ಮ?" ಅಂತ ಕೇಳಲಿಲ್ಲ. ಕರ್ತನ ಭೋಜನದ ರೊಟ್ಟಿ ದ್ರಾಕ್ಷಾರಸ ತಗೊಂಡು ವಾಪಸ್ ಬಂದು ಕೂತಾಗ ಅಳು ಬರ್ತಿತ್ತು. ಒಂದೇ ರೊಟ್ಟಿಯಲ್ಲಿ ಪಾಲು ತಗೊಂಡವರು ಗೇಟಿನ ಹೊರಗೆ ಒಬ್ಬರಿಗೊಬ್ಬರು ಅಪರಿಚಿತರು. ಹಾಗಾಗಿ ಆ ರೋಣದ ಹೆಣ್ಣುಮಗಳು ಹೇಳಿದ ಮಾತು ನನಗೆ ಎಲ್ಲಿ ತಾಗಿತು ಅಂತ ನಿಮಗೆ ಅರ್ಥ ಆಗ್ಬೇಕು. ಅಪೊಸ್ತಲ ಪೌಲ ಕೊರಿಂಥದ ಸಭೆಯವರನ್ನ ಬೈದಿದ್ದೂ ಇದಕ್ಕೇ, ಕರ್ತನ ಭೋಜನಕ್ಕೆ ಸೇರಿ ಒಬ್ಬ ಕುಡಿದು ಅಮಲೇರಿರ್ತಾನೆ, ಇನ್ನೊಬ್ಬ ಹಸಿದಿರ್ತಾನೆ ಅಂತ.

ಆತ್ಮಿಕ ಜೀವನ ಬೇರೆ, ಈ ಸಮಾಜಸೇವೆ ಬೇರೆ, ಎರಡನ್ನೂ ಕಲಸಬೇಡಿ ಅಂತ ಒಬ್ಬ ಅಂಕಲ್ ನನಗೆ ಹೇಳಿದ್ರು. ಅಂಕಲ್ ಮೇಲೆ ಗೌರವ ಇದೆ, ಮಾತು ಒಪ್ಪಲ್ಲ. ನಮ್ಮ ಪ್ರಾರ್ಥನೆ ಯಾಕೆ ಒಣಗಿದೆ ಗೊತ್ತಾ? ಯಾರಿಗೋಸ್ಕರ ಪ್ರಾರ್ಥಿಸ್ತಿದ್ದೀವಿ ಅಂತಾನೇ ನಮಗೆ ಗೊತ್ತಿಲ್ಲ. "ಕಾಯಿಲೆಯಲ್ಲಿರುವ ಎಲ್ಲರಿಗಾಗಿ" ಅಂತ ಒಂದು ಸಾಲು, ಆಮೆನ್. ಆ ಹುಡುಗನ ಹೆಸರು ಹಿಡಿದು, ಅವನ ವಾರ್ಡು ಗೊತ್ತಿದ್ದು, ಬೆಳಿಗ್ಗೆ ಪ್ಲೇಟ್‌ಲೆಟ್ ಎಷ್ಟಿತ್ತು ಅಂತ ಕೇಳಿಕೊಂಡು ಮೊಣಕಾಲೂರಿ ನೋಡಿ, ಪ್ರಾರ್ಥನೆ ಹೇಗೆ ಬರುತ್ತೆ ಅಂತ. ಯಾವಾಗಲೂ ಅದೇ ಮೂರ್ನಾಲ್ಕು ಜನ ಗಟ್ಟಿಯಾಗಿ ಪ್ರಾರ್ಥಿಸ್ತಾರೆ, ಮಿಕ್ಕವರು ತಲೆ ಬಗ್ಗಿಸಿ ಕೂತಿರ್ತಾರೆ, ಇದನ್ನೇ ಆತ್ಮಿಕ ಜೀವನ ಅನ್ನೋಕೆ ನನಗೆ ಆಗಲ್ಲ.

ಹಾಡಿನ ವಿಷಯನೂ ಹಾಗೇ. ಹುಡುಗರು ಕೀಬೋರ್ಡ್ ಡ್ರಮ್ಸ್ ಇಟ್ಕೊಂಡು ಇಂಗ್ಲಿಷ್ ಹಾಡು ಹಾಡ್ತಾರೆ, ಹಾಡಲಿ, ಅವರ ಭಕ್ತಿ ಸುಳ್ಳಲ್ಲ. ಆದ್ರೆ ಬೀದರ್ ಕಡೆಯ ಒಬ್ಬ ಅಜ್ಜಿಗೆ ಅವರ ಊರ ಭಜನೆಗಳು ಕಂಠಪಾಠ ಬರುತ್ತೆ, ತಾಳ ಹಿಡಿದು ಕೂತ್ರೆ ಇಡೀ ಯೋನನ ಕಥೆ ಹಾಡ್ತಾರೆ, ಅವರನ್ನ ಇವತ್ತಿನವರೆಗೂ ಯಾರೂ ಮುಂದೆ ಕರೆದಿಲ್ಲ. ಕೇಳಿದ್ರೆ ಆರ್ಡರ್ ಆಫ್ ಸರ್ವೀಸಲ್ಲಿ ಜಾಗ ಇಲ್ಲ ಅಂತಾರೆ. ಸಿಎಸ್‌ಐ, ಅಂದ್ರೆ ದಕ್ಷಿಣ ಭಾರತ ಸಭೆ, ಹುಟ್ಟಿದ ಬಗೆ ನೆನಪಿಸಿಕೊಳ್ಳಿ. 1919ರಲ್ಲಿ ತಮಿಳುನಾಡಿನ ತರಂಗಂಬಾಡೀಲಿ ಮಾತು ಶುರುವಾಯ್ತು, ಬಿಷಪ್ ಬೇಕು ಅನ್ನೋರು, ಬೇಡ ಅನ್ನೋರು, ಬೇರೆ ಬೇರೆ ಪದ್ಧತಿಯವರು ಕೂತು ಮಾತಾಡಿ ಮಾತಾಡಿ 1947ರ ಸೆಪ್ಟೆಂಬರ್ 27ಕ್ಕೆ ಮದ್ರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ಒಂದಾದರು. 28 ವರ್ಷ! ಅಷ್ಟು ತಾಳ್ಮೆಯಿಂದ ಒಬ್ಬರನ್ನೊಬ್ಬರು ಕೇಳಿಸಿಕೊಂಡವರ ಮಕ್ಕಳು ಮೊಮ್ಮಕ್ಕಳು ನಾವು, ಒಬ್ಬ ಅಜ್ಜಿಗೆ ಹತ್ತು ನಿಮಿಷ ಕೊಡೋಕಾಗಲ್ವಾ?

ಮನೆ ಪ್ರಾರ್ಥನೆ ಶುರು ಮಾಡೋಣ ಅಂದ್ರೆ ಇನ್ನೊಂದು ಭಯ, ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ನವರು ಕಂಪ್ಲೇಂಟ್ ಮಾಡ್ತಾರೆ, ಕಾಲ ಸರಿ ಇಲ್ಲ ಅಂತ. ಆ ಭಯ ಸುಳ್ಳು ಅಂತ ನಾನು ಹೇಳಲ್ಲ. ಆದ್ರೆ ಹತ್ತು ಹನ್ನೆರಡು ಜನ ಕೂತು ಸತ್ಯವೇದ ಓದೋಕೆ ಮೈಕ್ ಯಾಕೆ ಬೇಕು? ಪಕ್ಕದ ಮನೆಯವರಿಗೆ ಮುಂಚೇನೇ ಹೇಳಿ, ಕ್ರಿಸ್ಮಸ್ ಹಬ್ಬಕ್ಕೆ ಅವರ ಮನೆಗೆ ಕುಸ್ವಾರ್ ತಿಂಡಿ ಕೊಟ್ಟು ಬಂದಿದ್ರೆ ಆ ಮಾತು ಹೇಳೋದು ಸುಲಭ. ನಮ್ಮ ಮನೆ ಪಕ್ಕದ ಶೆಟ್ಟರು ಕಳೆದ ಸಲ ನಮ್ಮವರು ಜಾಸ್ತಿ ಆದಾಗ ಅವರ ಕುರ್ಚಿಗಳನ್ನೇ ಕೊಟ್ಟು ಕಳಿಸಿದ್ರು.

ಮೀಟಿಂಗ್ ಮುಗಿದ ಸಂಜೇನೇ ಅಯ್ಯನವರಿಗೆ (ನಮ್ಮ ಪಾಸ್ಟರ್‌ಗೆ) ಫೋನ್ ಮಾಡಿದೆ. ಅವರು ಸುಮ್ಮನೆ ಕೇಳಿಸಿಕೊಂಡ್ರು, "ನೀವು ಹೇಳೋದು ಸರಿ ಇದೆಯಮ್ಮ, ನನಗೂ ಒಬ್ಬನಿಗೇ ಎಲ್ಲಾ ಮನೆ ಮುಟ್ಟೋಕಾಗ್ತಿಲ್ಲ" ಅಂದ್ರು. ಅವರ ಮೇಲೆ ನನಗೆ ದೂರಿಲ್ಲ, ಒಬ್ಬರ ಕೈಲಿ ಆಗೋ ಕೆಲಸ ಇದಲ್ಲ. ಕಮಿಟಿಯವರಿಗೆ ನಾನು ಕೇಳ್ತಿರೋದು ಇಷ್ಟು. ಮುಂದಿನ ಮೀಟಿಂಗ್‌ಗೆ ಕುಟುಂಬಗಳ ಪಟ್ಟಿ ತನ್ನಿ. ಕಾಣಿಕೆ ಲೆಕ್ಕದ್ದು ಬೇಡ, ಯಾರು ಎಲ್ಲಿದ್ದಾರೆ, ಯಾರ ಮನೇಲಿ ವಯಸ್ಸಾದವರಿದ್ದಾರೆ, ಯಾರು ಒಂಟಿ, ಯಾರ ರಕ್ತದ ಗುಂಪು ಯಾವುದು ಅನ್ನೋದು. ಏರಿಯಾ ಪ್ರಕಾರ ಹಂಚಿಕೊಳ್ಳೋಣ, ಒಂದೊಂದು ಏರಿಯಾಗೆ ಇಬ್ಬರು, ಅದರಲ್ಲಿ ಒಬ್ಬರು ಇಲ್ಲೀವರೆಗೆ ಯಾವ ಕಮಿಟೀಲೂ ಇಲ್ಲದೋರು. ತಿಂಗಳ ಕಾಣಿಕೇಲಿ ಒಂದು ಪಾಲು ಆಸ್ಪತ್ರೆ ಮತ್ತೆ ಸಾವಿನ ಖರ್ಚಿಗೆ ಅಂತ ಬೇರೆ ಇಡಿ, ಅದನ್ನ ಬಿಲ್ಡಿಂಗ್ ಫಂಡಿಗೆ ತಿರುಗಿಸೋ ಹಾಗಿಲ್ಲ ಅಂತ ಬರೆದಿಡಿ. ಇದಾದ್ಮೇಲೆ ಎಲಿವೇಷನ್ ತೋರಿಸಿ, ನಾನೂ ಕೈಲಾದಷ್ಟು ಕೊಡ್ತೀನಿ.

ಗುರುವಾರ ಸಂಜೆ ಏಳಕ್ಕೆ ನಮ್ಮ ಮನೇಲಿ ಪ್ರಾರ್ಥನೆ, ಮಾರ್ಕನ ಸುವಾರ್ತೆ ಮೊದಲಿಂದ ಓದ್ತೀವಿ, ಬೀದರಿನ ಅಜ್ಜಿ ಹಾಡೋಕೆ ಒಪ್ಪಿದ್ದಾರೆ. ಬಸ್ಸಲ್ಲಿ ಬರೋರು ಸ್ಟಾಪಿಂದ ಫೋನ್ ಮಾಡಿ, ನಮ್ಮ ಮನೆಯವರು ಸ್ಕೂಟರ್ ತಗೊಂಡು ಬರ್ತಾರೆ. ಊಟ ಇಲ್ಲೇ, ಏನೂ ತರಬೇಡಿ.