ಸುರಂಗದ ಬಾಯಿಯ ಗಾಳಿ ಯಾರ ಪಾಲಿಗೆ?

ರಸ್ತೆಯನ್ನು ಸುರಂಗಕ್ಕೆ ಇಳಿಸಿದರೆ ಹೊಗೆಯ ಕಾಟ ತಪ್ಪುತ್ತದೆ ಎಂಬ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಮೂರು ನಾಲ್ಕು ಕಿಲೋಮೀಟರ್ ಉದ್ದಕ್ಕೂ ಚದುರಿಹೋಗಬೇಕಿದ್ದ ಹೊಗೆ, ಬೇರೆ ದಾರಿ ಮಾಡಿಕೊಡದಿದ್ದರೆ, ವಾಹನಗಳು ಹೊರಬರುವ ಒಂದೇ ಬಾಯಿಯಿಂದ ಆಚೆ ಬೀಳುತ್ತದೆ. ಏಕಮುಖ ಸಂಚಾರದ ಸುರಂಗದಲ್ಲಿ ವಾಹನಗಳೇ ಗಾಳಿಯನ್ನು ಮುಂದಕ್ಕೆ ನೂಕುತ್ತವೆ. ಎಂಜಿನಿಯರುಗಳು ಇದನ್ನು ಪಿಸ್ಟನ್ ಪರಿಣಾಮ ಎನ್ನುತ್ತಾರೆ. ಎಲೆ ಅಲ್ಲಾಡದ ಮುಂಜಾನೆಯಲ್ಲೂ ಅಂಥ ಬಾಯಿಯ ಪಕ್ಕದ ಹುಲ್ಲು ವಾಹನಗಳು ಹೋಗುವ ದಿಕ್ಕಿಗೇ ಬಾಗಿರುವುದನ್ನು ನೋಡಬಹುದು. ಸಾಲದ್ದಕ್ಕೆ, ನೆಲದಡಿಯಿಂದ ಮೇಲೇರುವ ಕೊನೆಯ ಏರಿನಲ್ಲೇ ಎಂಜಿನ್ನುಗಳು ಹೆಚ್ಚು ಹೊಗೆ ಉಗುಳುತ್ತವೆ.

ಈ ಗಾಳಿ ಎಲ್ಲಿಗೆ ಹೋಗುತ್ತದೆ ಎಂದು ಲೆಕ್ಕ ಹಾಕುವುದರಲ್ಲೇ ನನ್ನ ತಕರಾರಿರುವುದು. ಹೊರಬಿದ್ದ ಗಾಳಿ ಮೊದಲು ರಸ್ತೆಯ ನೇರಕ್ಕೆ ಚಿಮ್ಮಿ, ಆಮೇಲೆ ಅಡ್ಡಗಾಳಿಗೆ ಸಿಕ್ಕಿ ಬಾಗುತ್ತದೆ. ಚಿಮಣಿಯ ಹೊಗೆ ಹೇಗೆ ಹರಡುತ್ತದೆಂದು ಅಂದಾಜಿಸಲು ಬಳಸುವ ಗೌಸಿಯನ್ ಸೂತ್ರಕ್ಕೆ ಈ ಚಿಮ್ಮುವಿಕೆ ಕಾಣುವುದಿಲ್ಲ. ಮೇಲಾಗಿ ಗಾಳಿಯ ವೇಗವನ್ನು ಛೇದದಲ್ಲಿಟ್ಟುಕೊಂಡಿರುವ ಆ ಸೂತ್ರ, ಗಾಳಿ ನಿಂತುಹೋದಾಗ ಅರ್ಥವನ್ನೇ ಕಳೆದುಕೊಳ್ಳುತ್ತದೆ. ಆದರೆ ಸುತ್ತಲಿನವರಿಗೆ ಅತಿ ಕೆಟ್ಟ ಗಳಿಗೆಯೆಂದರೆ ಗಾಳಿ ನಿಂತ ಆ ಗಳಿಗೆಯೇ. ಆಸ್ಟ್ರಿಯಾದ ಗ್ರಾಜ್‌ನಲ್ಲಿ ರೂಪುಗೊಂಡ ಗ್ರಾಲ್‌ನಂಥ, ಹೊಗೆ ಹರಡುವುದನ್ನು ಲೆಕ್ಕ ಹಾಕುವ ಕಂಪ್ಯೂಟರ್ ಮಾದರಿಗಳು ಮಂದಗಾಳಿಯನ್ನೂ ಸುರಂಗದ ಬಾಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ.

ಇನ್ನೊಂದು ಸೂಕ್ಷ್ಮವಿದೆ. ಸುರಂಗದೊಳಗೆ ಓಝೋನ್ ಬೇಗ ಮುಗಿದುಹೋಗುವುದರಿಂದ ಹೊಗೆಯಲ್ಲಿನ ಬಹುಪಾಲು ನೈಟ್ರಿಕ್ ಆಕ್ಸೈಡ್ ಹಾಗೆಯೇ ಹೊರಗೆ ಬರುತ್ತದೆ, ಹೊರಗಿನ ಓಝೋನ್ ಸೋಕಿದೊಡನೆ ಉಸಿರಾಟಕ್ಕೆ ಕೆಡುಕಾದ ನೈಟ್ರೋಜನ್ ಡೈಆಕ್ಸೈಡ್ ಆಗತೊಡಗುತ್ತದೆ. ಆದ್ದರಿಂದ ದೂರ ಹೋದಂತೆ ಒಟ್ಟು ಹೊಗೆ ತೆಳುವಾದಷ್ಟು ಚುರುಕಾಗಿ ಈ ಅನಿಲ ಇಳಿಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇದರ ವಾರ್ಷಿಕ ಮಾರ್ಗಸೂಚಿ ಮಟ್ಟವನ್ನು ಘನ ಮೀಟರಿಗೆ 40ರಿಂದ 10 ಮೈಕ್ರೊಗ್ರಾಂಗೆ ಇಳಿಸಿತು. ಅದೇ ವರ್ಷ 24 ಗಂಟೆಗಳ ಸರಾಸರಿಗೂ 25ರ ಮಟ್ಟವನ್ನು ಸೂಚಿಸಿತು. ಸುರಂಗ ಯೋಜನೆಗಳ ಪರಿಸರ ವರದಿಗಳು ವಾರ್ಷಿಕ ಸರಾಸರಿಯ ಮರೆಯಲ್ಲಿ ನಿಲ್ಲದೆ ಈ ಎರಡನೆಯ ಅಂಕಿಗೂ ಉತ್ತರ ಹೇಳಬೇಕು.

ಪರಿಹಾರವೆಂದೊಡನೆ ಎಲ್ಲರೂ ಫಿಲ್ಟರ್ ಎನ್ನುತ್ತಾರೆ. 2000ದಲ್ಲಿ ತೆರೆದ ನಾರ್ವೆಯ 24.5 ಕಿಲೋಮೀಟರಿನ ಲೆರ್ಡಾಲ್ ಸುರಂಗದಲ್ಲಿ ಧೂಳನ್ನೂ ನೈಟ್ರೋಜನ್ ಡೈಆಕ್ಸೈಡನ್ನೂ ತೆಗೆಯುವ ಘಟಕವಿದೆ, ನಿಜ. ಆದರೂ ಬಾಯಿಗೆ ಮುಂಚೆಯೇ ಗಾಳಿಯನ್ನು ಸೆಳೆದು ಎತ್ತರದ ಚಿಮಣಿಗೆ ಏರಿಸುವುದು ಹೆಚ್ಚಿನ ಕಡೆ ಸರಿಯಾದ ದಾರಿ ಎಂದು ನನ್ನ ಅಭಿಪ್ರಾಯ. ಅದೂ ಪುಕ್ಕಟೆಯಲ್ಲ, ವಾಹನಗಳ ನೂಕಿಗೆ ಎದುರಾಗಿ ಗಾಳಿಯನ್ನು ತಡೆಹಿಡಿಯಲು ಫ್ಯಾನುಗಳು ಬಹಳ ವಿದ್ಯುತ್ ತಿನ್ನುತ್ತವೆ. ಜೋಡಿ ಸುರಂಗಗಳಿದ್ದರೆ ಒಂದರ ಹೊಗೆಯನ್ನು ಪಕ್ಕದ್ದು ಒಳಗೆಳೆದುಕೊಳ್ಳದಂತೆ ಎರಡು ಬಾಯಿಗಳ ನಡುವೆ ಗೋಡೆ ಕಟ್ಟುವುದು ಅಗ್ಗದ ಕೆಲಸ. ನಕ್ಷೆಯ ಹಂತದಲ್ಲೇ ಅದು ಸೇರಿರಬೇಕು. ವಿದ್ಯುತ್ ವಾಹನಗಳು ಬಂದರೆ ಎಲ್ಲವೂ ಸರಿಹೋಗುತ್ತದೆ ಎನ್ನುವವರು ಟೈರು, ರಸ್ತೆ ಸವೆದು ಏಳುವ ಧೂಳನ್ನು ಮರೆಯುತ್ತಾರೆ.

ಮಾಪನ ಯಂತ್ರಗಳನ್ನು ಸುರಂಗ ತೆರೆಯುವುದಕ್ಕೆ ಕನಿಷ್ಠ ಒಂದು ವರ್ಷ ಮೊದಲೇ ಅದರ ಬಾಯಿಯ ಸುತ್ತ ನೆಟ್ಟಿರಬೇಕು, ಇಲ್ಲವಾದರೆ ಮಾದರಿ ಹೇಳಿದ್ದು ಸರಿಯೇ ಎಂದು ಹೋಲಿಸಿ ನೋಡಲು ಹಳೆಯ ಅಂಕಿಗಳೇ ಇರುವುದಿಲ್ಲ.