ಹೆಂಡತಿ ಎಲ್ಲಿ ಹೋದ್ಲು, ಮಾಮ?

1963ರಲ್ಲಿ ಬಂದ 'ದಿ ಅಮೇಜಿಂಗ್ ಸ್ಪೈಡರ್‌ಮ್ಯಾನ್' ಕಾಮಿಕ್ಸ್ ಪತ್ರಿಕೆಯ ಮೊದಲ ಸಂಚಿಕೆಯಲ್ಲಿ ನನಗೆ ತುಂಬಾ ಇಷ್ಟವಾದ ಜಗಳ ಯಾವ ಖಳನಾಯಕನ ಜೊತೆಗಿನದೂ ಅಲ್ಲ. ಬ್ಯಾಂಕಿನ ಗುಮಾಸ್ತನ ಜೊತೆಗಿನದು. ಶೋ ಕೊಟ್ಟಿದ್ದಕ್ಕೆ ಸ್ಪೈಡರ್‌ಮ್ಯಾನ್ ಹೆಸರಿಗೇ ಚೆಕ್ ಬಂದಿದೆ. ಮುಖವಾಡ ಹಾಕಿಕೊಂಡೇ ಕೌಂಟರಿನಲ್ಲಿ ನಿಂತಿದ್ದಾನೆ. ಗುಮಾಸ್ತ ಗುರುತಿನ ಚೀಟಿ ಕೇಳುತ್ತಾನೆ. ನನ್ನ ಬಟ್ಟೆ ನೋಡಿದರೆ ಗೊತ್ತಾಗಲ್ವಾ ಅಂದರೆ, ಬಟ್ಟೆ ಯಾರು ಬೇಕಾದರೂ ಹಾಕಿಕೊಳ್ಳಬಹುದು ಅನ್ನುತ್ತಾನೆ. ಗೋಡೆ ಹತ್ತುವವನಿಗೆ ಒಂದು ಕೌಂಟರ್ ದಾಟಲು ಆಗಲಿಲ್ಲ!

ಓದಿದ ಕೂಡಲೇ ಇವನು ನಮ್ಮವನು ಅನ್ನಿಸಿತು. ಹೆಸರಿನಲ್ಲಿ ಒಂದು ಅಕ್ಷರ ಜಾಸ್ತಿ ಇದೆ ಅಂತ ನನ್ನ ಚೆಕ್ಕೂ ಹೀಗೇ ವಾಪಸ್ ಬಂದಿತ್ತು. "ಇದು ನಾನೇ ಸಾರ್" ಅಂದೆ. "ನೀವೇ ಅಂತ ನೀವೇ ಹೇಳಿದ್ರೆ ಹೇಗೆ?" ಅಂದರು. ನನಗೆ ಮುಖವಾಡ ಕೂಡ ಇರಲಿಲ್ಲ.

ಸ್ಟ್ಯಾನ್ ಲೀ, ಸ್ಟೀವ್ ಡಿಟ್ಕೊ 1962ರಲ್ಲಿ ಹುಟ್ಟಿಸಿದ, ಈ ಮುಖವಾಡದ ಹಿಂದಿನ ಹುಡುಗ ಪೀಟರ್ ಪಾರ್ಕರ್‌ನ ಸೊಗಸೇ ಇದು. ಜೇಡರ ಬಲೆಯ ದ್ರವವನ್ನು ತಾನೇ ತಯಾರಿಸಬೇಕು, ಅದೂ ಹೊಡೆದಾಟದ ಮಧ್ಯೆಯೇ ಖಾಲಿಯಾಗಬೇಕು. ತನ್ನ ಫೋಟೋ ತಾನೇ ತೆಗೆದು, ತನ್ನನ್ನೇ ಬೈಯುವ ಪತ್ರಿಕೆಗೆ ಮಾರಬೇಕು. 12ನೇ ಸಂಚಿಕೆಯಲ್ಲಂತೂ ಪಾಪ, ಜ್ವರ ಬಂದಿರುತ್ತದೆ. ಖಳನಾಯಕ ಡಾಕ್ಟರ್ ಆಕ್ಟೋಪಸ್ ಎಲ್ಲರ ಮುಂದೆ ಮುಖವಾಡ ಕಿತ್ತು ಎಸೆದರೆ, ಈ ಬಡಕಲ ಸ್ಪೈಡರ್‌ಮ್ಯಾನ್ ಆಗಿರೋಕೆ ಸಾಧ್ಯವೇ ಇಲ್ಲ ಅಂದುಕೊಂಡು ಒಬ್ಬರೂ ನಂಬುವುದಿಲ್ಲ. ಗುಟ್ಟು ಉಳಿದಿದ್ದಕ್ಕೆ ಖುಷಿಪಡಬೇಕೋ, ಮರ್ಯಾದೆ ಹೋಗಿದ್ದಕ್ಕೆ ಅಳಬೇಕೋ?

ಈ ಹುಚ್ಚನ್ನು ಅಕ್ಕನ ಮಗನಿಗೂ ಹತ್ತಿಸಿದೆ. ಅವನೋ ಹೊಸದು, ಹಳೆಯದು ಅಂತ ನೋಡದೆ ಸಿಕ್ಕಿದ್ದನ್ನೆಲ್ಲ ಓದಿಕೊಂಡು ಬಂದ.

"ಮಾಮ, ಪೀಟರ್‌ಗೆ ಮೇರಿ ಜೇನ್ ಜೊತೆ ಮದುವೆ ಆಗಿತ್ತಲ್ವಾ? ಹೆಂಡತಿ ಎಲ್ಲಿ ಹೋದ್ಲು?"

"ಸೈತಾನನಿಗೆ ಬರೆದುಕೊಟ್ಟ."

"ಹೆಂಡತೀನಾ?"

"ಅಲ್ಲ, ಮದುವೇನ."

ಅಕ್ಕ ಅಡುಗೆಮನೆಯಿಂದ ಸೌಟು ಹಿಡಿದೇ ಓಡಿ ಬಂದಳು. "ಯಾರದ್ದೋ ಅದು?"

ಹೇಳಲೇಬೇಕಾಯಿತು. 1987ರಲ್ಲಿ ಮದುವೆ. 2007ರಲ್ಲಿ ಶುರುವಾದ ಕತೆಯಲ್ಲಿ, ಪೀಟರ್‌ನನ್ನು ಸಾಕಿ ಬೆಳೆಸಿದ ಮೇ ಆಂಟಿಗೆ ಗುಂಡೇಟು. ಅವಳನ್ನು ಉಳಿಸಲು ಮೆಫಿಸ್ಟೊ ಅನ್ನುವ ಸೈತಾನ ಕೇಳಿದ ಬೆಲೆ ಇವರ ಮದುವೆ. ಇವರು ಕೊಟ್ಟರು. ಮದುವೆ ಆಗಿತ್ತು ಅನ್ನುವುದೇ ಯಾರಿಗೂ ನೆನಪಿಲ್ಲದ ಹಾಗೆ ಅಳಿಸಿಹೋಯಿತು.

"ಡೈವೋರ್ಸ್ ಕೊಡೋಕೆ ಏನಾಗಿತ್ತು?" ಅಂದಳು ಅಕ್ಕ.

ಡೈವೋರ್ಸ್ ಆದರೆ ಹೀರೋ ವಯಸ್ಸಾದವನ ಹಾಗೆ ಕಾಣುತ್ತಾನೆ ಅಂತ ಸಂಪಾದಕರ ವಾದ. ಸೈತಾನನ ಜೊತೆ ವ್ಯವಹಾರ ಮಾಡಿದರೆ ಎಳೆಯವನ ಹಾಗೆ ಕಾಣುತ್ತಾನೆ ಅಂತ ಕಾಣುತ್ತೆ.

"ಆದ್ರೆ ಮಾಮ, ಆಂಟಿ ಅದಕ್ಕೂ ಮೊದಲೇ ಸತ್ತಿದ್ರಲ್ಲ?"

ಹೌದು, 1995ರಲ್ಲಿ, 400ನೇ ಸಂಚಿಕೆಯಲ್ಲಿ. ಚೆನ್ನಾಗಿಯೇ ಸತ್ತಿದ್ದಳು. ಮುಂದೆ ಬಂದವರು, ಸತ್ತವಳು ಆಂಟಿಯೇ ಅಲ್ಲ, ಅವಳ ಪಾರ್ಟು ಮಾಡಿದ ಒಬ್ಬ ನಟಿ ಅಂದರು.

"ಸಾಯೋವರೆಗೂ ಪಾರ್ಟು ಬಿಡಲಿಲ್ವಾ ಅವಳು?" ಅಂತ ಅಕ್ಕ ಸೌಟು ಕೆಳಗಿಟ್ಟು ಕೂತೇಬಿಟ್ಟಳು. ಆ ಮಟ್ಟಿಗೆ ಹೊಸ ಲೇಖಕರಿಗೆ ಒಬ್ಬ ಓದುಗಳು ಸಿಕ್ಕಳು.

ಪೀಟರ್ ಸ್ವತಃ ನಕಲಿ ಅಂತ 1990ರ ದಶಕದ ಲೇಖಕರು ಹೇಳಿ ಆಮೇಲೆ ಇಲ್ಲ ಇವನೇ ಅಸಲಿ ಅಂದಿದ್ದನ್ನೂ, 2012ರ ಕೊನೆಗೆ ಅವನ ಮೈಯೊಳಗೆ ಡಾಕ್ಟರ್ ಆಕ್ಟೋಪಸ್‌ನ ಮನಸ್ಸು ಹೊಕ್ಕಿದ್ದನ್ನೂ ನಾನು ಬೇಗ ಬೇಗ ಹೇಳಿ ಮುಗಿಸಿದೆ.

ಲೀ, ಡಿಟ್ಕೊ ಆದಮೇಲೆ ಹೊಸಬರು ಬರೆಯಲೇಬಾರದು ಅಂತ ನನ್ನ ವಾದ ಅಲ್ಲ. 1973ರಲ್ಲಿ ಜೆರಿ ಕಾನ್ವೇ ಅನ್ನುವ ಇಪ್ಪತ್ತರ ಹುಡುಗ ಪೀಟರ್‌ನ ಗೆಳತಿ ಗ್ವೆನ್‌ಳನ್ನೇ ಸಾಯಿಸಿದ. ಸೇತುವೆಯಿಂದ ಬೀಳುವವಳನ್ನು ಪೀಟರ್ ಬಲೆ ಎಸೆದು ಹಿಡಿಯುತ್ತಾನೆ. ಸರಿಯಾಗಿಯೇ ಹಿಡಿಯುತ್ತಾನೆ. ಆದರೂ ಅವಳು ಉಳಿಯುವುದಿಲ್ಲ. ಅಲ್ಲಿ ಸೈತಾನನೂ ಇಲ್ಲ, ನಟಿಯೂ ಇಲ್ಲ.

ಅದೇ ಕಾನ್ವೇ ಮರುವರ್ಷ ಸ್ಪೈಡರ್‌ಮ್ಯಾನ್‌ಗೆ ಒಂದು ಕಾರೂ ಕೊಟ್ಟ. ಆಟಿಕೆ ಮಾರುವವರಿಗೆ ಬೇಕಿತ್ತು ಅಷ್ಟೇ. ಕಟ್ಟಡದಿಂದ ಕಟ್ಟಡಕ್ಕೆ ಜೋತಾಡುವವನಿಗೆ ನ್ಯೂಯಾರ್ಕ್ ಟ್ರಾಫಿಕ್ಕಿನಲ್ಲಿ ಕಾರು ಯಾಕೆ ಹೇಳಿ? ಆದರೆ ಕತೆ ಹಳಿ ತಪ್ಪಲಿಲ್ಲ. ಯಾಕೆಂದರೆ ಪೀಟರ್‌ಗೆ ಡ್ರೈವಿಂಗೇ ಬರುತ್ತಿರಲಿಲ್ಲ. ಸ್ವಲ್ಪ ದಿನಕ್ಕೇ ಕಾರು ಸೀದಾ ನದಿಗೆ ಹೋಯಿತು. ಅಷ್ಟಕ್ಕೇ ಮುಗಿಯಲಿಲ್ಲ. ಖಳನೊಬ್ಬ ಅದನ್ನು ರಿಪೇರಿ ಮಾಡಿ ಇವನ ಮೇಲೇ ಬಿಟ್ಟ. ಸ್ವಂತ ಕಾರೇ ಅಟ್ಟಿಸಿಕೊಂಡು ಬಂತು.

2015ರ ಹೊತ್ತಿಗೆ ಪೀಟರ್ ದೇಶ ದೇಶಗಳಲ್ಲಿ ಆಫೀಸಿರುವ ಕಂಪನಿಯ ಮಾಲೀಕ. ಅಲ್ಲೂ ಒಂದು ಕಾರಿದೆ. ಗೋಡೆ ಹತ್ತುತ್ತದೆ.

"ಇದೇ ಸಖತ್ತಾಗಿದೆ ಮಾಮ, ನದಿಗೆಲ್ಲ ಬೀಳಲ್ಲ" ಅಂದ ನಮ್ಮ ಹುಡುಗ.

ಅದೇ ಕಣೋ ಅದರ ತೊಂದರೆ ಅಂತ ನಾನು ಶುರು ಮಾಡುವ ಮೊದಲೇ ಅವನು ಅಕ್ಕನ ಕಡೆ ತಿರುಗಿ, ಹುಟ್ಟುಹಬ್ಬಕ್ಕೆ ಆ ಕಾರಿನ ಆಟಿಕೆಯೇ ಬೇಕು ಅಂತ ಹಟ ಹಿಡಿದ.