ಹಾಡು ಆಮೇಲೆ, ಮೊದಲು ಕಾಗೆ ಕಥೆ

ಶ್ರೀರಾಮಪುರದ ಮೊಬೈಲ್ ಅಂಗಡಿಯಲ್ಲಿ ಹುಡುಗ ನನ್ನ ಫೋನಿಗೆ ಗ್ಲಾಸ್ ಅಂಟಿಸುತ್ತಿದ್ದ. ಅರ್ಧಕ್ಕೆ ಕೈ ನಿಲ್ಲಿಸಿ ಗಡಿಯಾರ ನೋಡಿದ.

"ಏನಪ್ಪಾ, ಆಗ್ಲಿಲ್ವಾ?"

"ಎರಡೇ ನಿಮಿಷ ಸಾರ್. ಆರು ಗಂಟೆಗೆ ಅನೌನ್ಸ್‌ಮೆಂಟ್ ಇದೆ."

"ಹಾಡು ಬರುತ್ತಾ?"

ನನ್ನ ದಡ್ಡತನಕ್ಕೆ ಮರುಗಿದ. "ಹಾಡಲ್ಲ ಸಾರ್. ಹಾಡಿನ ಪ್ರೋಮೋ ಯಾವತ್ತು ಬರುತ್ತೆ ಅಂತ ಇವತ್ತು ಹೇಳ್ತಾರೆ."

ಆರು ಗಂಟೆಯಾಯಿತು. ಪೋಸ್ಟರ್ ಬಂತು. ತಮಿಳು ಹೀರೋ ಬೆನ್ನು ತೋರಿಸಿಕೊಂಡು ನಿಂತಿದ್ದ, ಕೆಳಗೊಂದು ತಾರೀಕಿತ್ತು. ಹುಡುಗನ ಜನ್ಮ ಸಾರ್ಥಕವಾಯಿತು. ನನ್ನ ಗ್ಲಾಸಿನೊಳಗೆ ಒಂದು ಗುಳ್ಳೆ ಉಳಿದುಕೊಂಡಿತು. ಇವತ್ತಿಗೂ ಇದೆ.

ಹೆರಿಗೆಗೆ ಮುಂಚೆ ಸೀಮಂತ ಮಾಡುವುದು ನಮ್ಮಲ್ಲೂ ಇದೆ. ತಮಿಳು ಸಿನಿಮಾ ಹಾಡಿಗೆ ಸೀಮಂತದ ಕರೆಯೋಲೆ ಅಚ್ಚಾಗುವುದಕ್ಕೂ ಒಂದು ಸೀಮಂತ. ಮೊದಲು ತಾರೀಕು, ಆಮೇಲೆ ಇಪ್ಪತ್ತು ಸೆಕೆಂಡಿನ ಪ್ರೋಮೋ, ಆಮೇಲೆ ಲಿರಿಕಲ್ ವಿಡಿಯೋ. ಹೀಗೆ ಎರಡನೇ ಸಿಂಗಲ್, ಅಂದರೆ ಬಿಡಿ ಹಾಡು, ಆಮೇಲೆ ಮೂರನೇ ಸಿಂಗಲ್. ಹಾಡುಗಳೆಲ್ಲ ಊರ ಆಟೋಗಳಲ್ಲಿ ಹಳಸಿದ ಮೇಲೆ ಒಂದು ದಿನ ಭಾರೀ ಸಮಾರಂಭ. ಅದರ ಹೆಸರು ಆಡಿಯೋ ಲಾಂಚ್! ನಮ್ಮ ಗಾಂಧಿನಗರವೂ ಈ ವಿದ್ಯೆಯಲ್ಲಿ ಹಿಂದೆ ಬಿದ್ದಿಲ್ಲ, ಬಿಡಿ. ಆದರೆ ಗುರುಮಠ ಚೆನ್ನೈನ ಸಿನಿಮಾ ಪೇಟೆ ಕೋಡಂಬಾಕ್ಕಂನಲ್ಲಿದೆ.

ಅದೇ ಕೋಡಂಬಾಕ್ಕಂನಲ್ಲಿ, ಮನೆಯ ಹಿತ್ತಲಲ್ಲಿ ಕಟ್ಟಿಕೊಂಡ ಸ್ಟುಡಿಯೋದಲ್ಲಿ ಕೂತು, 25 ವರ್ಷದ ಎ.ಆರ್. ರೆಹಮಾನ್ 1992ರಲ್ಲಿ 'ರೋಜಾ' ಹಾಡು ಮಾಡಿದ್ದರು. ನಾವು ಅಂಗಡಿಗೆ ಹೋದೆವು, ಕ್ಯಾಸೆಟ್ ತಂದೆವು, ಟೇಪು ಸಿಕ್ಕಿಕೊಂಡಾಗ ಪೆನ್ಸಿಲ್ ಹಾಕಿ ಸುತ್ತಿದೆವು. ಪೋಸ್ಟರ್ ನೋಡೋಕೆ ಯಾರೂ ಆರು ಗಂಟೆಗೆ ಕಾದು ಕೂರಲಿಲ್ಲ.

ಈಗ ಕ್ಯಾಸೆಟ್ಟೂ ಇಲ್ಲ, ಸಿಡಿಯೂ ಇಲ್ಲ. ಹೊಸ ಲ್ಯಾಪ್‌ಟಾಪಿನಲ್ಲಿ ಸಿಡಿ ತೂರಿಸುವ ಸೀಳೂ ಇಲ್ಲ. ಆದರೂ ವೇದಿಕೆಯ ಮೇಲೆ ದೋಸೆ ಕಲ್ಲಿನಷ್ಟು ಅಗಲದ ಸಿಡಿ ಬರುತ್ತದೆ. ಅದರೊಳಗೆ ಹಾಡಿಲ್ಲ, ಬರೀ ರಟ್ಟು. ಒಬ್ಬರು ಬಿಡುಗಡೆ ಮಾಡುತ್ತಾರೆ, ಇನ್ನೊಬ್ಬರು ಮೊದಲ ಪ್ರತಿ ಸ್ವೀಕರಿಸುತ್ತಾರೆ. ಎರಡನೇ ಪ್ರತಿ ಯಾರಿಗಾದರೂ ಸಿಕ್ಕಿದ್ದು ನಾನಂತೂ ಕೇಳಿಲ್ಲ.

ಹಾಗಾದರೆ ಅವತ್ತು ನಿಜವಾಗಿ ಬಿಡುಗಡೆ ಆಗುವುದೇನು? ಭಾಷಣ.

2023ರ ಜುಲೈ 28. ಚೆನ್ನೈನ ನೆಹರು ಒಳಾಂಗಣ ಕ್ರೀಡಾಂಗಣ, 'ಜೈಲರ್' ಆಡಿಯೋ ಲಾಂಚ್. ಅನಿರುದ್ಧ್ ಸಂಗೀತದ ಮೂರು ಹಾಡು ಅಷ್ಟರಲ್ಲಾಗಲೇ ಹೊರಗೆ ಬಂದಿದ್ದವು, ಮಕ್ಕಳು ಸ್ಕೂಲ್ ಡೇಗೆ ಸ್ಟೆಪ್ಪು ಕಲಿತಾಗಿತ್ತು. ರಜನಿಕಾಂತ್ ಮೈಕ್ ಹಿಡಿದು ಒಂದು ಕಾಗೆ, ಒಂದು ಹದ್ದಿನ ಕಥೆ ಹೇಳಿದರು. ಕಾಗೆ ಕುಕ್ಕುತ್ತಲೇ ಇರುತ್ತದೆ, ಹದ್ದು ಸುಮ್ಮನೆ ಇನ್ನೂ ಮೇಲಕ್ಕೆ ಹಾರುತ್ತದೆ. ಕಥೆ ಇಷ್ಟೇ. ಮಾರನೇ ದಿನದಿಂದ ಹಾಡು ಯಾವ ರಾಗ ಅಂತ ಕೇಳುವವರಿಲ್ಲ. ಕಾಗೆ ಯಾರು ಅನ್ನುವುದೊಂದೇ ಪ್ರಶ್ನೆ. ಕಾಗೆ ಅಂದರೆ ನಮ್ಮ ಅಣ್ಣನಿಗೇ ಅಂದದ್ದು ಅಂತ ವಿಜಯ್ ಅಭಿಮಾನಿಗಳು ಕೆಂಡವಾದರು. ಆರು ತಿಂಗಳು ಈ ಪಕ್ಷಿಶಾಸ್ತ್ರ ನಡೆಯಿತು. ಕೊನೆಗೆ 2024ರ ಜನವರಿಯಲ್ಲಿ ರಜನಿಯವರೇ, ಅದು ವಿಜಯ್‌ಗೆ ಹೇಳಿದ್ದಲ್ಲ ಅಂತ ಸ್ಪಷ್ಟಪಡಿಸಿದರು. ಎಲ್ಲಿ ಅಂತೀರಾ? ಇನ್ನೊಂದು ಆಡಿಯೋ ಲಾಂಚಿನಲ್ಲಿ.

ಆ ಇನ್ನೊಂದು ಸಿನಿಮಾ 'ಲಾಲ್ ಸಲಾಂ'. ಅದರ ಒಂದು ಹಾಡಿನಲ್ಲಿ ತೀರಿಕೊಂಡ ಇಬ್ಬರು ಗಾಯಕರ ದನಿಯನ್ನು, ಮನೆಯವರ ಒಪ್ಪಿಗೆ ಪಡೆದು, ಕಂಪ್ಯೂಟರಿನಿಂದ ಹಾಡಿಸಿದ್ದರು. ಸತ್ತವರು ಬಂದು ಹಾಡಿದರೂ ಕಾಗೆಯ ಮುಂದೆ ಸಪ್ಪೆ.

ವಿಜಯ್ ಕಡೆಯದು ಇನ್ನೊಂದು ತಮಾಷೆ. ಇವರ ಭಾಷಣದಲ್ಲಿ 'ಕುಟ್ಟಿ ಸ್ಟೋರಿ' ಇರಲೇಬೇಕಿತ್ತು, ಅಂದರೆ ಪುಟ್ಟ ಕಥೆ. ಅದನ್ನು ಕೇಳಲೆಂದೇ ಜನ ಪಾಸಿಗೆ ಬಡಿದಾಡುತ್ತಿದ್ದರು. 2023ರ ಸೆಪ್ಟೆಂಬರ್ 30ಕ್ಕೆ 'ಲಿಯೋ' ಲಾಂಚ್ ಇತ್ತು. ಪಾಸ್ ಕೇಳುವವರು ವಿಪರೀತ ಆಗಿದ್ದಾರೆ, ಸುರಕ್ಷತೆ ಕಷ್ಟ ಅಂತ ನಿರ್ಮಾಪಕರು ಕಾರ್ಯಕ್ರಮವನ್ನೇ ರದ್ದು ಮಾಡಿದರು. ಜನ ಬರಲಿಲ್ಲ ಅಂತ ರದ್ದಾದ ನಾಟಕ ನೋಡಿದ್ದೇನೆ. ಜನ ಬರುತ್ತಾರೆ ಅಂತ ರದ್ದಾಗಿದ್ದು ಇದೇ ಮೊದಲು. ಅಭಿಮಾನಿಗಳು ಅತ್ತರು, ರಾಜಕೀಯದ ಕೈವಾಡ ಅಂದರು. ಹಾಡುಗಳಿಗೆ ಮಾತ್ರ ಸಮಾರಂಭ ನಿಂತ ಸುದ್ದಿಯೇ ಮುಟ್ಟಲಿಲ್ಲ, ತಮ್ಮ ಪಾಡಿಗೆ ತಾವು ಬಂದವು. ಅಕ್ಟೋಬರ್ 19ಕ್ಕೆ ಸಿನಿಮಾನೂ ಬಂತು.

ಚೆನ್ನೈ ಸಾಲದಾದಾಗ ಕಡಲು ದಾಟುತ್ತಾರೆ. ರಜನಿಯ 'ಎಂದಿರನ್' ಹಾಡುಗಳು 2010ರಲ್ಲೇ ಮಲೇಷ್ಯಾದಲ್ಲಿ ಬಿಡುಗಡೆಯಾಗಿದ್ದವು. ಅಲ್ಲಿ ತಮಿಳರು ಲಕ್ಷಗಟ್ಟಲೆ ಇದ್ದಾರೆ, ತಪ್ಪೇನಿಲ್ಲ. 2025ರ ಡಿಸೆಂಬರ್ 27ರಂದು ವಿಜಯ್ ಅವರ 'ಜನ ನಾಯಗನ್' ಹಾಡುಗಳೂ ಅದೇ ದೇಶದ ದೊಡ್ಡ ಸ್ಟೇಡಿಯಮ್ಮಿಗೆ ಹೋದವು. ಹಾಡು ವಿಮಾನ ಹತ್ತಿ ಇಳಿದು ಬಂತು. ಜನವರಿ 9ಕ್ಕೆ ಥಿಯೇಟರಿಗೆ ಬರಬೇಕಿದ್ದ ಸಿನಿಮಾ ಮಾತ್ರ ಸೆನ್ಸಾರ್ ಸರ್ಟಿಫಿಕೇಟ್ ಸಿಗದೆ ಅವತ್ತು ಬಾಗಿಲಾಚೆಯೇ ಉಳಿಯಿತು.

ಇದೆಲ್ಲ ಪಕ್ಕದ ಮನೆಯ ಗಲಾಟೆ ಅಂತ ನಾವು ಕಡಲೆಕಾಯಿ ತಿನ್ನುತ್ತಾ ನೋಡುತ್ತಿದ್ದೆವು, ಅಲ್ವಾ? 2025ರ ಮೇ 24ರಂದು ನಮ್ಮ ಮನೆ ಬಾಗಿಲಿಗೂ ಬಂತು.

ಕಮಲ್ ಹಾಸನ್, ಮಣಿರತ್ನಂ, ರೆಹಮಾನ್ ಮೂವರೂ ಸೇರಿದ 'ಥಗ್ ಲೈಫ್' ಆಡಿಯೋ ಲಾಂಚ್. ಜಾಗ ಚೆನ್ನೈನ ಒಂದು ಇಂಜಿನಿಯರಿಂಗ್ ಕಾಲೇಜು. (ತಮಿಳುನಾಡಿನ ಕಾಲೇಜುಗಳಲ್ಲಿ ಇದೂ ಒಂದು ಸೆಮಿಸ್ಟರ್ ಇರಬೇಕು.) ಅತಿಥಿಯಾಗಿ ನಮ್ಮ ಶಿವಣ್ಣ ಕೂತಿದ್ದರು. ಕಮಲ್‌ಗೆ ಪ್ರೀತಿ ಉಕ್ಕಿತು. ಉಕ್ಕಿದ ಭರದಲ್ಲಿ, ನಿಮ್ಮ ಭಾಷೆ ತಮಿಳಿನಿಂದ ಹುಟ್ಟಿದ್ದು ಅನ್ನುವ ಅರ್ಥದ ಒಂದು ಮಾತು ಜಾರಿತು.

ಮಾರನೇ ದಿನದಿಂದ ನಮ್ಮ ಟೀ ಅಂಗಡಿಗಳಲ್ಲೆಲ್ಲ ಭಾಷಾಶಾಸ್ತ್ರ ವಿಭಾಗ ಶುರುವಾಯಿತು. ಹಲ್ಮಿಡಿ ಶಾಸನ ಯಾವ ಜಿಲ್ಲೆಯಲ್ಲಿದೆ ಅಂತ ಗೊತ್ತಿಲ್ಲದವರೂ ಅದರ ಕಾಲ ಹೇಳುತ್ತಿದ್ದರು. ತಮಿಳೂ ಕನ್ನಡವೂ ಮೂಲ ದ್ರಾವಿಡದ ಮಕ್ಕಳು ಅಂತ ಭಾಷಾಶಾಸ್ತ್ರದವರು ಎಂದೋ ಹೇಳಿ ಮುಗಿಸಿದ್ದಾರೆ. ಅಕ್ಕ ತಂಗಿಯರಲ್ಲಿ ಯಾರು ಯಾರನ್ನು ಹೆತ್ತರು ಅಂತ ಜಗಳ! ಕ್ಷಮೆ ಕೇಳದೆ ಸಿನಿಮಾ ಬಿಡಲ್ಲ ಅಂತ ಫಿಲಂ ಚೇಂಬರ್ ಪಟ್ಟು ಹಿಡಿಯಿತು. ಪ್ರೀತಿ ಕ್ಷಮೆ ಕೇಳಲ್ಲ ಅಂತ ಕಮಲ್ ಡೈಲಾಗ್ ಹೊಡೆದರು. ನೀವೇನು ಇತಿಹಾಸಕಾರರಾ, ಭಾಷಾತಜ್ಞರಾ ಅಂತ ಹೈಕೋರ್ಟ್ ಕೇಳಿತು. ಜೂನ್ 5ಕ್ಕೆ ಎಲ್ಲ ಕಡೆ ಬಂದ ಸಿನಿಮಾ ಕರ್ನಾಟಕಕ್ಕೆ ಬರಲಿಲ್ಲ. ಸುಪ್ರೀಂ ಕೋರ್ಟ್ ಮಧ್ಯೆ ಬಂದು ತಡೆಯುವ ಹಾಗಿಲ್ಲ ಅನ್ನುವ ಹೊತ್ತಿಗೆ ಆ ಸಿನಿಮಾ ತನ್ನ ಊರಲ್ಲೇ ಬಿದ್ದು ಹೋಗಿತ್ತು. ಬಿದ್ದ ಕುದುರೆಗೆ ಲಾಯ ಕೊಡಿಸಿ ಕೋರ್ಟು ಎದ್ದಿತು.

ಇಷ್ಟೆಲ್ಲದರ ನಡುವೆ ಅವತ್ತು ಆ ವೇದಿಕೆಯಲ್ಲಿ ಒಂದು ಅಪರೂಪದ ಅಚಾತುರ್ಯವೂ ನಡೆದಿತ್ತು. ಯಾರೋ ಹಾಡಿಬಿಟ್ಟಿದ್ದರು.

'ಮುತ್ತ ಮಳೈ' ಅನ್ನುವ ಹಾಡು. ತಮಿಳಿನಲ್ಲಿ ಹಾಡಿದವರು ಧೀ. ಅವರು ಸಮಾರಂಭಕ್ಕೆ ಬಂದಿರಲಿಲ್ಲ. ಧೀ ಬದಲು, ತೆಲುಗು, ಹಿಂದಿಯಲ್ಲಿ ಅದನ್ನು ಹಾಡಿದ್ದ ಚಿನ್ಮಯಿ ಮೈಕ್ ಹಿಡಿದರು. 2018ರ ಮೀ ಟೂ ಹೊತ್ತಲ್ಲಿ ಲೈಂಗಿಕ ಕಿರುಕುಳದ ಬಗ್ಗೆ ಬಾಯಿಬಿಟ್ಟು ಮಾತಾಡಿದ ಮೇಲೆ ಇವರಿಗೆ ತಮಿಳಿನಲ್ಲಿ ಅವಕಾಶ ಬತ್ತಿಹೋಗಿತ್ತು. ಅವತ್ತು ಹಾಡಿದ್ದು ಮನೆ ಮನೆಗೂ ಹೋಯಿತು. ಧೀ ಚೆನ್ನಾಗಿ ಹಾಡಿದರಾ, ಚಿನ್ಮಯಿ ಚೆನ್ನಾಗಿ ಹಾಡಿದರಾ ಅಂತ ಎರಡು ಪಂಗಡವಾಯಿತು. ನನ್ನ ಓಟು ಚಿನ್ಮಯಿಗೆ, ಆದರೆ ಅದು ಇಲ್ಲಿ ಮುಖ್ಯವಲ್ಲ. ಜನ ಈ ತೀರ್ಪು ಕೊಡಲೆಂದೇ ಥಿಯೇಟರಿಗೆ ಹೋಗಿ ಕೂತರು. ಧೀ ದನಿಯೂ ಬರಲಿಲ್ಲ, ಚಿನ್ಮಯಿ ದನಿಯೂ ಬರಲಿಲ್ಲ. ಆ ಹಾಡೇ ಸಿನಿಮಾದಲ್ಲಿರಲಿಲ್ಲ.

ಜೂನ್ ಕೊನೆಯಲ್ಲಿ ಗುಳ್ಳೆ ತೆಗೆಸೋಣ ಅಂತ ಮತ್ತೆ ಶ್ರೀರಾಮಪುರಕ್ಕೆ ಹೋದೆ. ಹುಡುಗ ಸ್ಪೀಕರಿನಲ್ಲಿ ಅದೇ ಹಾಡು ಹಾಕಿಕೊಂಡು ತಲೆ ತೂಗುತ್ತಿದ್ದ. ನಮ್ಮೂರಿಗೆ ಬಾರದ ಸಿನಿಮಾ, ಆ ಸಿನಿಮಾದಲ್ಲೇ ಇಲ್ಲದ ಹಾಡು.

"ಗುಳ್ಳೆ ಹೋಗಲ್ಲ ಸಾರ್, ಹೊಸ ಗ್ಲಾಸೇ ಹಾಕ್ಬೇಕು," ಅಂದ. ಆಮೇಲೆ ಗಡಿಯಾರ ನೋಡಿದ. "ಆರು ಗಂಟೆ ಆಗ್ಲಿ, ಹಾಕಿಕೊಡ್ತೀನಿ."